ನೀರಿನಲ್ಲಿದ್ದರೂ ಬಿಸಿಯಾಗುತ್ತಿದ್ದ ಹೆಡ್

ಫಿಸಿಯೋಥೆರಪಿ ಅಲ್ಟ್ರಾಸೌಂಡ್ ಯಂತ್ರಗಳ ಡ್ರೈವರ್ ಬೋರ್ಡ್, ಅಂದರೆ ಮೈಮೇಲೆ ಆಡಿಸುವ ಹೆಡ್‌ಗೆ ವಿದ್ಯುತ್ ಅಲೆ ಕೊಡುವ ಸರ್ಕ್ಯೂಟ್, ಮಾಡುವುದು ನನ್ನ ಕೆಲಸ. 1 ಮೆಗಾಹರ್ಟ್ಸ್‌ನ ಒಂದು ಹೆಡ್ ನೀರಿನಲ್ಲಿ ಮುಳುಗಿಸಿಟ್ಟರೂ ಬಿಸಿಯಾಗುತ್ತಿತ್ತು. ಸಪ್ಲೈಯಿಂದ ಹೋಗುವ ವಾಟ್ ಜಾಸ್ತಿ, ನೀರಿಗೆ ಇಳಿಯುವ ವಾಟ್ ಕಡಿಮೆ. ಹೆಡ್‌ನೊಳಗೆ ಕಂಪಿಸುವ ಕ್ರಿಸ್ಟಲ್ ಬಿಲ್ಲೆಯ ಅಂಟು ಬಿಟ್ಟಿರಬೇಕೆಂದು ಎರಡು ಹೆಡ್ ಬದಲಿಸಿ ನೋಡಿದೆ. ಅದೇ ಕಥೆ. ಆ ಬಿಸಿ ಮುಖ ರೋಗಿಯ ಮೊಣಕಾಲಿನ ಮೇಲೆ ಆಡಬೇಕಾದದ್ದು, ಹಾಗಾಗಿ ಸುಮ್ಮನೆ ಬಿಡುವಂತಿರಲಿಲ್ಲ.

ಹಾಫ್-ಬ್ರಿಜ್‌ನಿಂದ (ಎರಡು ಸ್ವಿಚ್‌ಗಳ ಸರ್ಕ್ಯೂಟ್) ಸ್ಕ್ವೇರ್ ವೇವ್, ಅಂದರೆ ಚೌಕಾಕಾರದ ಅಲೆ, ಕೊಡುತ್ತಿದ್ದೆ. ಅದರಲ್ಲಿ ಮೂಲ ಫ್ರೀಕ್ವೆನ್ಸಿಯ ಜೊತೆ ಅದರ ಮೂರು, ಐದು, ಏಳು ಪಟ್ಟಿನ ಅಲೆಗಳೂ (ಹಾರ್ಮೋನಿಕ್) ಬೆರೆತಿರುತ್ತವೆ, ಮೂರನೇ ಹಾರ್ಮೋನಿಕ್ ಮೂಲದ ಮೂರನೇ ಒಂದು ಭಾಗ ಇರುತ್ತದೆಂದು ಗೊತ್ತಿತ್ತು. ಕ್ರಿಸ್ಟಲ್ ಓಗೊಡುವುದು 1 ಮೆಗಾಹರ್ಟ್ಸ್‌ಗೆ ಮಾತ್ರ, ಮಿಕ್ಕದ್ದನ್ನು ಅದೇ ಬಿಟ್ಟುಬಿಡುತ್ತದೆ ಎಂದು ನಂಬಿದ್ದೆ. ಆದರೆ ವೋಲ್ಟೇಜ್ ಕೊಟ್ಟರೆ ಕಂಪಿಸುವ ಈ ಪೀಜೋ ಬಿಲ್ಲೆ ಸುಮಾರು ಮೂರು ಪಟ್ಟು, ಐದು ಪಟ್ಟು ಫ್ರೀಕ್ವೆನ್ಸಿಯಲ್ಲೂ ಮತ್ತೆ ಕಂಪಿಸುತ್ತದೆ. ಸ್ಕ್ವೇರ್ ವೇವ್ ಬಡಿಯುವುದೂ ಸರಿಯಾಗಿ ಅಲ್ಲಿಗೇ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಬಿಲ್ಲೆ ಒಂದು ಕೆಪಾಸಿಟರ್ ಕೂಡ, ನಮ್ಮದು ಸುಮಾರು 2 ನ್ಯಾನೋಫ್ಯಾರಡ್. ಮೂರನೇ ಹಾರ್ಮೋನಿಕ್‌ನ ವೋಲ್ಟೇಜ್ ಮೂರರಲ್ಲೊಂದು ಪಾಲಾದರೆ, ಆ ಫ್ರೀಕ್ವೆನ್ಸಿಗೆ ಕೆಪಾಸಿಟರ್ ಒಡ್ಡುವ ತಡೆಯೂ ಮೂರರಲ್ಲೊಂದು ಪಾಲೇ. ಹಾಗಾಗಿ ಕೆಪಾಸಿಟರ್ ಎಳೆಯುವ ಕರೆಂಟ್ ಮೂಲದಷ್ಟೇ! ಐದನೆಯದಕ್ಕೂ ಅಷ್ಟೇ, ಏಳನೆಯದಕ್ಕೂ ಅಷ್ಟೇ. ಅಲ್ಲಿಯವರೆಗೂ ವೋಲ್ಟೇಜ್ ಮಾತ್ರ ನೋಡುತ್ತಿದ್ದೆ. ಕರೆಂಟ್ ಪ್ರೋಬ್ ಸಿಕ್ಕಿಸಿದ ದಿನ ಪ್ರತಿ ಅಂಚಿನಲ್ಲೂ ಸೂಜಿಯಂಥ ಮೊನೆಗಳು ಕಂಡವು.

ಸರಣಿಯಲ್ಲಿ ಇಂಡಕ್ಟರ್, ಅಡ್ಡಕ್ಕೆ ಕೆಪಾಸಿಟರ್ ಇಟ್ಟು, ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಮಾಡಿದೆ. ಇಲ್ಲಿ ಇನ್ನೊಂದು ತಪ್ಪು ಮಾಡಿದೆ: ಟ್ಯೂನ್ ಮಾಡಿದ್ದು 50 ಓಮ್ ಡಮ್ಮಿ ಲೋಡ್ (ಹೆಡ್ ಬದಲು ಜೋಡಿಸುವ ರೆಸಿಸ್ಟರ್) ಮೇಲೆ. ಮೇಜಿನ ಮೇಲೆ ಅಂದವಾದ ಸೈನ್ ವೇವ್ ಬಂತು. ಹೆಡ್ ಜೋಡಿಸಿದ ಕೂಡಲೇ ಕೆಟ್ಟಿತು. ಹೆಡ್‌ನ 2 ನ್ಯಾನೋಫ್ಯಾರಡ್, ಜೊತೆಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಂತೆ ಕೋಆಕ್ಸಿಯಲ್ ಕೇಬಲ್‌ನದು, ಎರಡೂ ನನ್ನ ಕೆಪಾಸಿಟರ್‌ಗೆ ಸೇರಿಕೊಂಡಿದ್ದವು. ಅವನ್ನು ಹೊರಗಿನವು ಎನ್ನದೆ ಫಿಲ್ಟರ್‌ನ ಲೆಕ್ಕದೊಳಗೇ ಸೇರಿಸಿ, ನನ್ನ ಕೆಪಾಸಿಟರ್‌ನಿಂದ ಅಷ್ಟನ್ನು ಕಳೆದೆ. ಅಳತೆ ತೆಗೆದದ್ದು ಹೆಡ್‌ನ ಮುಖವನ್ನು ಕುದಿಸಿ ಆರಿಸಿದ ನೀರಿಗೆ ಮುಟ್ಟಿಸಿ. ಗಾಳಿಯಲ್ಲಿ ಹಿಡಿದು ಅಳೆದರೆ ಬರುವ ಇಂಪಿಡೆನ್ಸ್ (ಕರೆಂಟ್‌ಗೆ ಹೆಡ್ ಒಡ್ಡುವ ಒಟ್ಟು ತಡೆ) ಬೇರೆಯೇ.

ಕರೆಂಟ್‌ನ ಮೊನೆಗಳು ಹೋದವು. ಸಪ್ಲೈ ಎಳೆಯುವ ವಾಟ್ ಇಳಿಯಿತು, ಹೆಡ್‌ನ ಬಿಸಿಯೂ ಇಳಿಯಿತು.

ಈಗಿನ ಬೋರ್ಡ್ ನಾಲ್ಕು ಸ್ವಿಚ್‌ಗಳ ಫುಲ್-ಬ್ರಿಜ್. ಪ್ರತಿ ಅರ್ಧ ಸೈಕಲ್‌ನಲ್ಲಿ 60 ಡಿಗ್ರಿ, ಅಂದರೆ ಸುಮಾರು 167 ನ್ಯಾನೋಸೆಕೆಂಡ್, ಸೊನ್ನೆ ವೋಲ್ಟ್‌ನಲ್ಲಿ ನಿಲ್ಲಿಸುತ್ತೇನೆ. ಲೆಕ್ಕದ ಪ್ರಕಾರ ಮೂರನೇ ಹಾರ್ಮೋನಿಕ್ ಹುಟ್ಟುವುದೇ ಇಲ್ಲ. ಮೂಲ ಶೇ. 13ರಷ್ಟು ತಗ್ಗುತ್ತದೆ, ಸಪ್ಲೈ ಸ್ವಲ್ಪ ಏರಿಸಿದರೆ ಆಯಿತು. ಐದನೆಯದರಿಂದ ಮೇಲಿನದ್ದನ್ನು ತಡೆಯುವುದಷ್ಟೇ ಫಿಲ್ಟರ್‌ಗೆ ಉಳಿದಿರುವ ಕೆಲಸ.