ಇಲಿಗೂ ಎಂಆರ್‌ಐ ಮಾಡ್ತೀರಂತೆ, ಯಾಕೆ?

ಶಿಡ್ಲಘಟ್ಟಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಬೆಂಗಳೂರಲ್ಲಿ ಇಲಿಗೆ ಎಂಆರ್‌ಐ ಮಾಡ್ತೀಯಂತೆ? ಇಲ್ಲಿ ಮನುಷ್ಯರ ಸ್ಕ್ಯಾನಿಂಗ್‌ಗೇ ದುಡ್ಡು ಹೊಂದಿಸೋಕಾಗಲ್ಲ, ಇಲಿಗ್ಯಾಕಪ್ಪ ಅದು?" ನ್ಯಾಯವಾದ ಪ್ರಶ್ನೆ. ಪ್ರಾಸ್ಟೇಟ್ (ಗಂಡಸರಲ್ಲಿರುವ ಒಂದು ಗ್ರಂಥಿ) ತೊಂದರೆ ಇರುವ ನಮ್ಮ ದೊಡ್ಡಪ್ಪನೂ ಇದನ್ನೇ ಕೇಳಿದರು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಪ್ರಾಸ್ಟೇಟ್ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ, ಔಷಧಿಗೆ ಹೇಗೆ ಬಗ್ಗುತ್ತದೆ ಅಂತ ಇಲಿಗಳಲ್ಲಿ ನೋಡುತ್ತೇವೆ. ಇಲಿಯನ್ನು ಕೊಲ್ಲದೆ ಒಳಗಿನ ಕ್ಯಾನ್ಸರ್ ಗಡ್ಡೆ ನೋಡಬೇಕು, ಅದೂ ಒಂದೇ ಇಲಿಯಲ್ಲಿ, ವಾರಗಟ್ಟಲೆ, ಮತ್ತೆ ಮತ್ತೆ. ಅದಕ್ಕೆ ಎಂಆರ್‌ಐ.

ನಮ್ಮ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ರೇಷ್ಮೆ ಗೂಡು ಕತ್ತರಿಸಿದರೆ ಒಳಗಿನ ಹುಳ ಹೇಗಿದೆ ಅಂತ ಗೊತ್ತಾಗುತ್ತದೆ, ಆದರೆ ಆಮೇಲೆ ಆ ಗೂಡಿನಿಂದ ನೂಲು ತೆಗೆಯೋಕಾಗಲ್ಲ. ಸ್ಕ್ಯಾನ್ ಇಲ್ಲದಿದ್ದರೆ ಗಡ್ಡೆಯ ಬೆಳವಣಿಗೆ ತಿಳಿಯಲು ಪ್ರತಿ ಹಂತದಲ್ಲೂ ಒಂದೊಂದು ಗುಂಪು ಇಲಿಗಳನ್ನು ಕೊಯ್ಯಬೇಕು. ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಕೆಳಗೆ, ಗಡ್ಡೆ ಚಿಕ್ಕದಿದ್ದಾಗ ಕೈಗೆ ಸಿಗುವುದೇ ಇಲ್ಲ. ಇನ್ನು ನಮಗೆಲ್ಲ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆ, ಅಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಅಂತ ನೋಡೋದು? ಆ ಪ್ರೋಟೀನಿನ ಜೀನೇ ಇಲಿಯಲ್ಲಿಲ್ಲ!

ಇಲಿಗೆ ತಾನಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದು ತೀರಾ ಅಪರೂಪ. 1995ರಲ್ಲಿ ಅಮೆರಿಕದ ನಾರ್ಮನ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು 'ಟ್ರ್ಯಾಂಪ್' ಅನ್ನೋ ತಳಿಯ ಬಗ್ಗೆ ಪ್ರಕಟಿಸಿದರು. ಎಸ್‌ವಿ40 ವೈರಸ್ಸಿನ ಒಂದು ಜೀನ್ ಮುಖ್ಯವಾಗಿ ಪ್ರಾಸ್ಟೇಟಿನಲ್ಲಿ ಕೆಲಸ ಮಾಡುವ ಹಾಗೆ ಸೇರಿಸಿದ ಇಲಿ ಅದು. ಸುಮಾರು 12 ವಾರಕ್ಕೆ ಜೀವಕೋಶಗಳು ಕೆಡಲು ಶುರುವಾಗಿ, 24ರಿಂದ 30 ವಾರದ ಹೊತ್ತಿಗೆ ಗಡ್ಡೆ ಚೆನ್ನಾಗಿ ಬೆಳೆದಿರುತ್ತದೆ.

ಸ್ಕ್ಯಾನ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಇಲಿಯ ತೂಕ 25-30 ಗ್ರಾಂ ಅಷ್ಟೇ. ಐಸೋಫ್ಲುರೇನ್ ಅನ್ನೋ ಅರಿವಳಿಕೆ ಗಾಳಿ ಕೊಟ್ಟು ಮಲಗಿಸಿ, ಮುಂದಿನ ಹಲ್ಲನ್ನು ಸಣ್ಣ ಕಂಬಿಗೆ ಸಿಕ್ಕಿಸಿ, ಮೂತಿಗೆ ಕೊಳವೆ ಹಿಡಿಸಿ, ರೆಪ್ಪೆ ಮುಚ್ಚಿಕೊಳ್ಳದ ಕಣ್ಣು ಒಣಗದ ಹಾಗೆ ಮುಲಾಮು ಹಚ್ಚುತ್ತೇವೆ. ಹೊಟ್ಟೆಗೆ ತಾಗುವ ಹಾಗೆ ಪುಟ್ಟ ಗಾಳಿಚೀಲ ಇರುತ್ತದೆ, ಅದರಿಂದ ಉಸಿರಾಟ ಪರದೆ ಮೇಲೆ ಗೆರೆಯಾಗಿ ಬರುತ್ತದೆ. ಮಂಪರಿನಲ್ಲಿ ಮೈ ಬೇಗ ತಣ್ಣಗಾಗುವುದರಿಂದ ಬಿಸಿನೀರಿನ ಕೊಳವೆಯಿಂದ 37 ಡಿಗ್ರಿ ಹತ್ತಿರ ಕಾಯ್ದುಕೊಳ್ಳಬೇಕು. ಉಸಿರಾಟದ ಗೆರೆ ನಿಧಾನವಾದರೆ ನನ್ನ ಕೈ ತಕ್ಷಣ ಅರಿವಳಿಕೆ ಗಾಳಿ ಕಡಿಮೆ ಮಾಡುವ ತಿರುಗಣೆಯತ್ತ ಹೋಗುತ್ತದೆ, ಚಿತ್ರ ಆಮೇಲೆ.

ಮನುಷ್ಯರ ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ). ಇಲಿಗೆ 7, 9.4 ಟೆಸ್ಲಾದ ಚಿಕ್ಕ ಕೊಳವೆ ಯಂತ್ರಗಳಿವೆ, ಯಾಕೆಂದರೆ ಕೆಲವೇ ಮಿಲಿಮೀಟರ್ ಅಗಲದ ಅಂಗವನ್ನು ಬಿಡಿಸಿ ನೋಡಬೇಕು. ಒಂದೊಂದು ಪದರದಲ್ಲಿ ಗಡ್ಡೆಯ ಅಂಚು ಗುರುತಿಸಿ, ಆ ವಿಸ್ತೀರ್ಣವನ್ನು ಪದರದ ದಪ್ಪಕ್ಕೆ ಗುಣಿಸಿ, ಎಲ್ಲ ಕೂಡಿದರೆ ಗಾತ್ರ ಸಿಗುತ್ತದೆ. ಪಕ್ಕದಲ್ಲೇ ವೀರ್ಯದ ದ್ರವ ತಯಾರಿಸುವ ಚೀಲಗಳು ದ್ರವ ತುಂಬಿ ಬೆಳ್ಳಗೆ ಹೊಳೆಯುತ್ತಿರುತ್ತವೆ, ಮೊದಲ ವಾರಗಳಲ್ಲಿ ಗಡ್ಡೆ ಎಲ್ಲಿ ಶುರು ಅನ್ನೋದಕ್ಕೇ ತುಂಬಾ ಹೊತ್ತು ಕೂರಬೇಕಾಗುತ್ತದೆ.

ನನಗೆ ಜಾಸ್ತಿ ನಂಬಿಕೆ ಇರುವುದು ಡಿಫ್ಯೂಷನ್ ಚಿತ್ರದ ಮೇಲೆ, ಅಂದರೆ ಒಳಗಿನ ನೀರಿನ ಕಣಗಳು ಎಷ್ಟು ಓಡಾಡುತ್ತವೆ ಅಂತ ತೋರಿಸುವ ಎಂಆರ್‌ಐ ಚಿತ್ರ. ಜೀವಕೋಶಗಳು ಒತ್ತಾಗಿದ್ದರೆ ನೀರಿನ ಕಣಗಳಿಗೆ ಓಡಾಡಲು ಜಾಗ ಇರುವುದಿಲ್ಲ. ಔಷಧಿಯಿಂದ ಕೋಶಗಳು ಸತ್ತರೆ ಜಾಗ ಬಿಡುತ್ತದೆ. ಗಡ್ಡೆ ಕುಗ್ಗುವ ಮೊದಲೇ ಇದು ಕಾಣಿಸಬಹುದು. ಅದೇ ಇಲಿಯ ಹಿಂದಿನ ಚಿತ್ರ ಜೊತೆಗಿರುವುದರಿಂದ ಹೋಲಿಕೆಗೆ ಬೇರೆ ಇಲಿಗಳು ಅಷ್ಟಾಗಿ ಬೇಡ. ಕೊನೆಗೆ ಈ ಇಲಿಗಳನ್ನೂ ನೋವಾಗದಂತೆ ಕೊಲ್ಲುತ್ತೇವೆ, ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಕ್ಕೆ ತಾಳೆ ಹಾಕುತ್ತೇವೆ. ಇದನ್ನು ಮುಚ್ಚಿಡಬಾರದು. ಆದರೆ ಸಾಯುವ ಇಲಿಗಳ ಸಂಖ್ಯೆ ಕಡಿಮೆಯಾಗುತ್ತದೆ, ನನಗೆ ಅದು ದೊಡ್ಡ ವಿಷಯ.

"ಇಲಿಯಲ್ಲಿ ಗುಣವಾದ್ರೆ ನಮಗೂ ಆಗುತ್ತಾ?" ಆಗಲೇಬೇಕು ಅಂತಿಲ್ಲ. ಇಲಿಯ ಪ್ರಾಸ್ಟೇಟ್ ಬೇರೆ ಬೇರೆ ಎಸಳುಗಳಾಗಿರುತ್ತದೆ, ನಮ್ಮದು ಒಂದೇ ಇಡಿಯಾದ ಗ್ರಂಥಿ. ಟ್ರ್ಯಾಂಪ್ ಗಡ್ಡೆಗೆ ವೈರಸ್ ಜೀನ್ ಕಾರಣ, ನಮ್ಮಲ್ಲಿ ಹಾಗಲ್ಲ.

ದೊಡ್ಡಪ್ಪನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ: ಮೂತ್ರ ಕಟ್ಟಿಕೊಂಡರೆ, ರಾತ್ರಿ ಪದೇ ಪದೇ ಏಳುವಂತಾದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ವಯಸ್ಸಾದಂತೆ ಪ್ರಾಸ್ಟೇಟ್ ಊದಿಕೊಳ್ಳುವುದು ಸಾಮಾನ್ಯ, ಹೆಚ್ಚಿನವರಿಗೆ ಅದು ಕ್ಯಾನ್ಸರ್ ಅಲ್ಲ. ಪಿಎಸ್‌ಎ ಜಾಸ್ತಿ ಬಂದರೆ ಈಗ ಎಷ್ಟೋ ಕಡೆ ಬಯಾಪ್ಸಿಗೆ (ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದು) ಮೊದಲು ಎಂಆರ್‌ಐ ಮಾಡುತ್ತಾರೆ. ಆ ವರದಿಯಲ್ಲಿ ಡಿಫ್ಯೂಷನ್ ಅಂತ ಬರೆದಿದ್ದರೆ, ಅದು ಇಲಿಯಲ್ಲಿ ನಾವು ನೋಡುವ ಇದೇ ನೀರಿನ ಓಡಾಟ.