ತೋಳದ ಮರಿಯ ಕಾಲು ಸೊಟ್ಟಗಾದ ದಿನ

ಮಾಡೆಲ್ ವಿಮಾನವನ್ನು ಗಾಜಿನ ಮೇಲೆ ನಿಲ್ಲಿಸಿದಾಗ ಎಡಗಡೆ ರೆಕ್ಕೆಯ ತುದಿ ಬಲಗಡೆಗಿಂತ 4 ಮಿ.ಮೀ ಕೆಳಗಿತ್ತು. ಅದು ಮೊದಲು ಕಂಡದ್ದು ನನಗಲ್ಲ, ಟೀ ತಂದಿಟ್ಟ ಹುಡುಗನಿಗೆ. "ಸಾರ್, ಒಂದ್ ಕಡೆ ವಾಲಿದೆ ಅಲ್ವಾ?" ಅಂದ. ನಾನು ಬಗ್ಗಿ ಕಣ್ಣಮಟ್ಟಕ್ಕೆ ನೋಡಿದೆ. ವಾಲಿತ್ತು. ಏಳು ವಾರದ ಕೆಲಸ ಆಗ ಮೇಜಿನ ಮೇಲಿತ್ತು. ತಂತಿಗಳನ್ನು ಕಟ್ಟಿ, ಬಣ್ಣ ಒಣಗಿಸಿ, ನಾಳೆ ಒಯ್ಯಲು ಬನ್ನಿ ಎಂದು ಹೇಳಿಯೂ ಆಗಿತ್ತು.

ನಾನಿರುವುದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ವ್ಯಾಕ್ಯೂಮ್ ಫಾರ್ಮಿಂಗ್ ಶೆಡ್‌ನಲ್ಲಿ. ಅಂದರೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಪಂಪಿನಿಂದ ಗಾಳಿ ಎಳೆದು ಅಚ್ಚಿಗೆ ಹೊದಿಸುವ ಕೆಲಸ. ನಮ್ಮ ಅನ್ನ ಹುಟ್ಟುವುದು ಸ್ವೀಟ್ ಬಾಕ್ಸ್ ಒಳಗಿನ ಟ್ರೇಗಳಿಂದ, ಬಿಡಿಭಾಗ ಸಾಗಿಸುವ ತಟ್ಟೆಗಳಿಂದ. ಜೊತೆಗೆ ಮಾಡೆಲ್ ಕೆಲಸವೂ ಬರುತ್ತದೆ, ಯಲಹಂಕದಲ್ಲಿ ಏರ್ ಶೋ ಇರುವ ವರ್ಷ ಸ್ವಲ್ಪ ಹೆಚ್ಚು. ಹದಿನಾಲ್ಕು ವರ್ಷದಿಂದ ಅಚ್ಚು, ಫಿನಿಶಿಂಗ್ ಎರಡೂ ನೋಡಿಕೊಳ್ಳುತ್ತಿದ್ದೇನೆ. ಈ ವಿಮಾನದ ಹೆಸರನ್ನು ಮಾತ್ರ ಆವರೆಗೆ ಕೇಳಿರಲಿಲ್ಲ.

ಕೆಲಸ ತಂದವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಮೊದಲ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರಕ್ಕೆ ಬಂದ ಹಡಗು, ವಿಮಾನಗಳ ಮಾಡೆಲ್‌ಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ಫ್ರೀಡ್ರಿಕ್ಸ್‌ಹಾಫನ್ ಎಫ್‌ಎಫ್ 33ಇ. ಚಕ್ರದ ಬದಲು ಎರಡು ಫ್ಲೋಟ್, ಅಂದರೆ ನೀರಿನಲ್ಲಿ ತೇಲುವ ದೋಣಿಯಂಥ ಕಾಲುಗಳ ಮೇಲೆ ನಿಲ್ಲುವ, ಮೇಲೆ-ಕೆಳಗೆ ಎರಡು ರೆಕ್ಕೆಯ, 150 ಅಶ್ವಶಕ್ತಿಯ ಬೆಂಜ್ ಎಂಜಿನ್ನಿನ ಜರ್ಮನ್ ನೌಕಾವಿಮಾನ. ಆ ಮಾದರಿಯಲ್ಲೂ ಒಂದೇ ಒಂದು ವಿಮಾನ: 'ವೋಲ್ಫ್' ಎಂಬ ಹಡಗು ಹೊತ್ತುಕೊಂಡು ಬಂದಿದ್ದ 'ವೋಲ್ಫ್‌ಶೆನ್'. ಹಾಗೆಂದರೆ ತೋಳದ ಮರಿ.

ಅವರು ಹೇಳಿದ ಕಥೆ ನನ್ನನ್ನು ಹಿಡಿದು ಕೂರಿಸಿತು. ವೋಲ್ಫ್ ಮೂಲತಃ ಸರಕಿನ ಹಡಗು. ಫಿರಂಗಿಗಳನ್ನು, ಹಡಗು ತಾಕಿದರೆ ನೀರಿನಲ್ಲೇ ಸಿಡಿಯುವ ಮೈನ್‌ಗಳನ್ನು ಒಡಲಲ್ಲಿ ಬಚ್ಚಿಟ್ಟುಕೊಂಡು 1916ರ ನವೆಂಬರ್ 30ರಂದು ಜರ್ಮನಿ ಬಿಟ್ಟಿತು. 1917ರ ಆರಂಭದಲ್ಲಿ ಕೇಪ್‌ಟೌನ್, ಮುಂಬಯಿ, ಕೊಲಂಬೊ ಬಂದರುಗಳ ಎದುರು ಮೈನ್ ಬಿತ್ತಿತು. ಅದೇ ವರ್ಷ ಜೂನ್ 23ರಂದು ಮುಂಬಯಿ ಹತ್ತಿರ ಮುಳುಗಿದ 'ಮಂಗೋಲಿಯಾ' ಎಂಬ ದೊಡ್ಡ ಪ್ರಯಾಣಿಕ ಹಡಗು ಆ ಮೈನ್‌ಗೆ ಸಿಕ್ಕಿದ್ದೇ. 451 ದಿನ ಕಡಲಲ್ಲಿದ್ದು 1918ರ ಫೆಬ್ರವರಿ 24ರಂದು ವೋಲ್ಫ್ ಕೀಲ್ ಬಂದರಿಗೆ ಮರಳಿತು. ಮರಿಯ ಕೆಲಸ ಮೇಲಿಂದ ದಾರಿ ನೋಡುವುದು, ಬೇಟೆ ಹುಡುಕುವುದು. 1917ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಉತ್ತರಕ್ಕಿರುವ ಕರ್ಮಡೆಕ್ ದ್ವೀಪಗಳ ಬಳಿ 'ವೈರೂನಾ' ಎಂಬ ಹಡಗಿನ ಮೇಲೆ ಹಾರಿ, ಶರಣಾಗಿ ಎಂಬ ಚೀಟಿ ಎಸೆದು, ಮುಂದೆ ಒಂದು ಬಾಂಬ್ ಹಾಕಿ ಹೆದರಿಸಿ ಹಿಡಿದುಕೊಟ್ಟಿತು. ಹಡಗಿಗೆ ಸರಕಿನ ಹಡಗಿನ ವೇಷ ಉಳಿಯಬೇಕಲ್ಲ, ಅದಕ್ಕೆ ವಿಮಾನವನ್ನು ಬಿಚ್ಚಿ ಮರೆಯಲ್ಲಿಡುತ್ತಿದ್ದರು. ಬೇಕಾದಾಗ ಜೋಡಿಸಿ, ಕ್ರೇನಿನಲ್ಲಿ ನೀರಿಗಿಳಿಸಿ ಹಾರಿಸುತ್ತಿದ್ದರು. ಅಲುಗಾಡುವ ಡೆಕ್ಕಿನ ಮೇಲೆ ನಿಂತು ರೆಕ್ಕೆಯ ತಂತಿಗಳನ್ನು ಮತ್ತೆ ಮತ್ತೆ ಹದ ಮಾಡಿದ ಆ ಮೆಕ್ಯಾನಿಕ್‌ಗಳ ಕೈ ನನಗೆ ಈಗಲೂ ಕಣ್ಣಮುಂದೆ ಬರುತ್ತದೆ.

ನೀರಿನ ವಿಮಾನಕ್ಕೂ ನಮ್ಮ ಊರಿಗೂ ನಂಟಿಲ್ಲ ಅನ್ನುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗೆ ಎಚ್‌ಎಎಲ್‌ಗೆ ಹೋಗುತ್ತಿದ್ದವು. ಇದನ್ನು ಕೇಳಿದಾಗ ನಮ್ಮ ಹುಡುಗರು ನಂಬಲಿಲ್ಲ. ಅವರು ಆ ಕೆರೆಯಲ್ಲಿ ನೊರೆಯನ್ನಷ್ಟೇ ನೋಡಿದ್ದಾರೆ.

ಮೊದಲ ತೊಡಕು ಡ್ರಾಯಿಂಗ್‌ನಲ್ಲೇ ಇತ್ತು. ನಮಗೆ ಮೊದಲು ಸಿಕ್ಕ ಹಾಳೆಯಲ್ಲಿ ಎಫ್‌ಎಫ್ 33 ಎಂದು ಬರೆದಿತ್ತು, ಆದರೆ ಅದು ಆಮೇಲೆ ಬಂದ ಎಲ್ ಮಾದರಿ. ಬಂದೂಕು ಹೊತ್ತ, ಚಿಕ್ಕ ವಿಮಾನ, ರೆಕ್ಕೆ 13.3 ಮೀಟರ್. ಇ ಮಾದರಿಯ ರೆಕ್ಕೆ 16.75 ಮೀಟರ್. ಇನ್ನೊಂದು ಗುರುತೂ ಇದೆ. ಇದಕ್ಕಿಂತ ಹಿಂದಿನ ವಿಮಾನಗಳಿಗೆ ಬಾಲದ ಕೆಳಗೆ ಮೂರನೇ ಪುಟ್ಟ ಫ್ಲೋಟ್ ಇತ್ತು. ಇ ಮಾದರಿಯಲ್ಲಿ ಮುಂದಿನ ಎರಡು ಫ್ಲೋಟ್‌ಗಳನ್ನು ಉದ್ದ ಮಾಡಿ ಅದನ್ನು ತೆಗೆದರು. ಅಂದರೆ ಈ ವಿಮಾನದ ಚಹರೆ ಇರುವುದೇ ಆ ಎರಡು ಉದ್ದನೆಯ ಫ್ಲೋಟ್‌ಗಳಲ್ಲಿ. 1/48 ಅಳತೆಯಲ್ಲಿ ರೆಕ್ಕೆ 35 ಸೆಂ.ಮೀಗೆ ಕೂದಲೆಳೆ ಕಡಿಮೆ ಬರುತ್ತದೆ.

ಅಚ್ಚು ಕೆತ್ತಿದವರು ನಮ್ಮ ಆಚಾರ್ರು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವನ್ನೇ ಆರಿಸಿಕೊಂಡರು. ಎಳೆ ನಯ, ಉಳಿಗೆ ಒಪ್ಪುತ್ತದೆ. ಅವರು ಮೊದಲ ದಿನವೇ ಕೇಳಿದ್ದು: "ಹಾಳೆ ಎಷ್ಟ್ ದಪ್ಪ ಹಾಕ್ತೀಯಪ್ಪ?" ಡ್ರಾಯಿಂಗ್‌ನಲ್ಲಿ ಇರುವುದು ಹೊರಗಿನ ಅಳತೆ. ಬಿಸಿ ಹಾಳೆ ಮರದ ಮೇಲೆ ಹೊದ್ದುಕೊಂಡಾಗ ಅದರ ದಪ್ಪವೂ ಸೇರುತ್ತದೆ. ಹಾಗಾಗಿ ಮರ ಅಷ್ಟು ಚಿಕ್ಕದಿರಬೇಕು. 1 ಮಿ.ಮೀ ಹಾಳೆ ಕೇಳಲು ಏನೂ ಅಲ್ಲ. ಆದರೆ 1/48ರಲ್ಲಿ ಅದು ನಿಜವಾದ ವಿಮಾನದ 48 ಮಿ.ಮೀ, ಹತ್ತಿರ ಹತ್ತಿರ ಮೂರು ಬೆರಳಗಲ. ಅದೂ ಎಲ್ಲ ಕಡೆ ಒಂದೇ ಸಮ ಉಳಿಯುವುದಿಲ್ಲ. ಅಚ್ಚಿನ ನೆತ್ತಿಗೆ ಹಾಳೆ ಮೊದಲು ತಾಕಿ ಅಲ್ಲೇ ತಣ್ಣಗಾಗುತ್ತದೆ, ಅಲ್ಲಿ ದಪ್ಪ ಉಳಿಯುತ್ತದೆ. ಪಕ್ಕಗಳು ಎಳೆದುಕೊಂಡು ತೆಳ್ಳಗಾಗುತ್ತವೆ. ನಮ್ಮ ಫ್ಲೋಟಿನ ಪಕ್ಕದಲ್ಲಿ ಅರ್ಧ ಮಿ.ಮೀಗಿಂತ ಸ್ವಲ್ಪವೇ ಹೆಚ್ಚಿತ್ತು.

ಹಾಳೆ ಎಳೆಯುವ ದಿನ ನನಗೆ ಯಾವಾಗಲೂ ಇಷ್ಟ. ಹೀಟರ್ ಕೆಳಗೆ ಹಿಪ್ಸ್ ಎಂಬ ಪ್ಲಾಸ್ಟಿಕ್ಕಿನ ಹಾಳೆ ಮೊದಲು ಅಲೆ ಅಲೆಯಾಗಿ ಸುಕ್ಕುಗಟ್ಟುತ್ತದೆ. ಹೆದರಿ ಆಗಲೇ ಎಳೆದರೆ ಕೆಟ್ಟಿತು. ಸ್ವಲ್ಪ ಕಾದರೆ ಸುಕ್ಕೆಲ್ಲ ಹೋಗಿ ತಮಟೆಯ ಚರ್ಮದ ಹಾಗೆ ಬಿಗಿಯುತ್ತದೆ, ಆಮೇಲೆ ನಡು ಮೆಲ್ಲಗೆ ಜೋತು ಬೀಳುತ್ತದೆ. ಅದೇ ಹದ. ಅಚ್ಚು ಮೇಲೆತ್ತಿ ಪಂಪ್ ಕೊಟ್ಟರೆ ಒಂದೆರಡು ಉಸಿರಿನಲ್ಲಿ ಗಾಳಿಯೆಲ್ಲ ಹೋಗಿ ಹಾಳೆ ಮರಕ್ಕೆ ಅಂಟಿಕೊಳ್ಳುತ್ತದೆ. ಎರಡು ಫ್ಲೋಟ್ ಅಚ್ಚನ್ನು ತೀರಾ ಹತ್ತಿರ ಇಟ್ಟರೆ ನಡುವೆ ಬಟ್ಟೆ ಮಡಿಕೆಯ ಹಾಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ. ಎತ್ತರದ ಎರಡು ಪಟ್ಟಾದರೂ ಅಂತರ ಬೇಕು. ಅಚ್ಚಿನ ಕೆಳಗೆ 3 ಮಿ.ಮೀ ಪಟ್ಟಿಯೊಂದನ್ನು ಕೊಟ್ಟು ಎತ್ತಿಡುವುದೂ ಅಷ್ಟೇ ಮುಖ್ಯ. ಹಾಳೆ ನೆಲಕ್ಕೆ ಸೇರುವ ಕಡೆ ಚೂಪಾಗಿ ತಿರುಗುವುದಿಲ್ಲ, ದುಂಡಗೆ ತಿರುಗುತ್ತದೆ. ಆ ದುಂಡು ನಮ್ಮ ಕತ್ತರಿಸುವ ಗೆರೆಗಿಂತ ಕೆಳಗೆ ಉಳಿಯಬೇಕು.

ಅವತ್ತು ಎರಡು ಜೊತೆ ಬಂದ ಮೇಲೆ ಸಾಕು ಅಂದೆ. "ಹೀಟರ್ ಬಿಸಿ ಇದೆ, ಮರ ಇನ್ನೂ ಗಟ್ಟಿಯಾಗಿದೆ, ಇನ್ನೆರಡು ತೆಗೆದಿಡು," ಅಂದರು ಆಚಾರ್ರು. ಸಂಜೆಗೆ ನಾಲ್ಕು ಜೊತೆ ಆಗಿತ್ತು. ಕೊನೆಯ ಸಲ ಎಡಗಡೆ ಅಚ್ಚಿನ ತುದಿಯಲ್ಲಿ ಕೂದಲಿನಷ್ಟು ಬಿರುಕು ಬಿಟ್ಟಿತು.

ಈಗ ತಪ್ಪಿನ ಮಾತು.

ಫ್ಲೋಟಿನ ಒಡಲು ಒಂದು ತೊಟ್ಟಿಯ ಹಾಗೆ ಬರುತ್ತದೆ, ಅದರ ಮೇಲೆ ಚಪ್ಪಟೆ ಹಾಳೆಯ ಮುಚ್ಚಳ. ತೊಟ್ಟಿಯನ್ನು ಸುತ್ತಲಿನ ಹಾಳೆಯಿಂದ ಬಿಡಿಸಿದಾಗ ಅಂಚಿನಲ್ಲಿ ಹಾಳೆಯ ದಪ್ಪದಷ್ಟು ತುಟಿ ಉಳಿದಿರುತ್ತದೆ. ಅದನ್ನು ಉಜ್ಜಿ ತೆಗೆಯಬೇಕು, ಅದಕ್ಕಿಂತ ಒಂದಿಷ್ಟೂ ಹೆಚ್ಚು ತೆಗೆಯಬಾರದು. ಅದಕ್ಕಾಗಿ ಕತ್ತರಿಸುವ ಮೊದಲೇ ಸುತ್ತಲೂ ಮಾರ್ಕರ್‌ನಿಂದ ಗೆರೆ ಎಳೆಯುತ್ತೇವೆ. ಆಮೇಲೆ ಬ್ಲೇಡನ್ನು ಓರೆ ಹಿಡಿದು ಹಗುರಾಗಿ ಎರಡು ಮೂರು ಸಲ ಗೀರಿ, ಬಗ್ಗಿಸಿ ಮುರಿಯುತ್ತೇವೆ. ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ಉಜ್ಜುತ್ತೇವೆ. ಬಣ್ಣದ ಗೆರೆ ಅಳಿಸಿಹೋಗುವ ಹೊತ್ತಿಗೆ ತುಟಿ ಸಿಪ್ಪೆಯ ಹಾಗೆ ಉದುರುತ್ತದೆ. ಅಲ್ಲಿ ಕೈ ನಿಲ್ಲಬೇಕು. ನಡುನಡುವೆ ತೊಟ್ಟಿಯನ್ನು ತಿರುಗಿಸಿ ಹಿಡಿಯದಿದ್ದರೆ ಬೆರಳಿನ ಭಾರ ಬೀಳುವ ಕಡೆ ಹೆಚ್ಚು ಸವೆಯುತ್ತದೆ.

ಬಲ ಫ್ಲೋಟನ್ನು ಹೊಸ ಹುಡುಗನಿಗೆ ಕೊಟ್ಟಿದ್ದೆ. ಹಾಸನ ಕಡೆಯವನು, ಐಟಿಐ ಮುಗಿಸಿ ಬಂದು ಆರು ತಿಂಗಳಾಗಿತ್ತು. ಎಡ ಫ್ಲೋಟ್ ನನ್ನದು. ಆ ವಾರ ಟ್ರೇ ಆರ್ಡರ್ ತಲೆಯ ಮೇಲಿತ್ತು. ರಾತ್ರಿ ಒಂಬತ್ತಕ್ಕೆ ಕೂತು ಉಜ್ಜಿದೆ. ಗೆರೆ ಎಳೆಯಲಿಲ್ಲ. ನೂರಾರು ತುಂಡು ಉಜ್ಜಿದ ಕೈ, ಬೆರಳಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ವಾಲಿದ್ದು ಗೊತ್ತಾದಾಗ ನಾನು ಅಳೆಯಲಿಲ್ಲ. ಆ ಹುಡುಗನನ್ನು ಕರೆದು, ಶೆಡ್‌ನಲ್ಲಿ ಆರು ಜನ ಕೇಳುವ ಹಾಗೆ, "ಗೆರೆ ನೋಡ್ಕೊಂಡ್ ಉಜ್ಜೋ ಅಂತ ಎಷ್ಟ್ ಸಲ ಹೇಳಿದ್ದೆ?" ಅಂದೆ. ಬಲಗಡೆ ಎತ್ತರ ಇದೆ, ಅವನು ಕಡಿಮೆ ಉಜ್ಜಿದ್ದಾನೆ ಅನ್ನುವುದು ನನ್ನ ಲೆಕ್ಕ. ಅವನು ಎದುರು ಮಾತಾಡಲಿಲ್ಲ. "ಸಾರ್, ಒಂದ್ಸಲ ವರ್ನಿಯರ್ ಇಟ್ ನೋಡ್ತೀರಾ?" ಅಂದ, ಅಷ್ಟೇ.

ಅಳೆದೆ. ಬಲ ಫ್ಲೋಟಿನ ಆಳ ಡ್ರಾಯಿಂಗ್‌ಗೆ ಸರಿಯಾಗಿತ್ತು. ಎಡದ್ದು 0.8 ಮಿ.ಮೀ ಕಡಿಮೆ. ಫ್ಲೋಟ್‌ಗಳ ನಡುವಿನ ಅಂತರ ರೆಕ್ಕೆಯ ಉದ್ದದ ಐದನೇ ಒಂದು ಪಾಲಿನ ಆಸುಪಾಸು. ಹಾಗಾಗಿ ಕೆಳಗಿನ 0.8 ಮೇಲೆ ತುದಿಗೆ ಹೋಗುವ ಹೊತ್ತಿಗೆ 4 ಆಗಿತ್ತು. ಲೆಕ್ಕ ಅಲ್ಲೇ ಕಾಗದದ ಮೇಲೆ ಕೂಡಿಬಂತು. ಎಲ್ಲರೂ ನೋಡುತ್ತಿದ್ದರು. "ನಿಂದು ಸರಿ ಇದೆಯಪ್ಪ, ತಪ್ಪು ನಂದು," ಅಂದೆ. ಬೈದದ್ದು ಎಲ್ಲರ ಮುಂದೆ ಆಗಿದ್ದರಿಂದ ಇದನ್ನೂ ಎಲ್ಲರ ಮುಂದೆಯೇ ಹೇಳಬೇಕಿತ್ತು. ಅವನು ತಲೆಯಾಡಿಸಿದ. ಆದರೆ ಮಧ್ಯಾಹ್ನ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ. ಅದು ನನಗೆ ವಿಮಾನ ವಾಲಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಆರು ತಿಂಗಳಲ್ಲಿ ಅವನು ಕಲಿತದ್ದೆಲ್ಲ ಹೇಳಿದ್ದನ್ನು ಹೇಳಿದಂತೆ ಮಾಡುವುದು. ಹಾಗೆಯೇ ಮಾಡಿದ್ದ. ಹೇಳಿಕೊಟ್ಟವನೇ ಅದನ್ನು ಬಿಟ್ಟಿದ್ದೆ, ಬೈಸಿಕೊಂಡವನು ಅವನು.

ಎಡ ಫ್ಲೋಟಿನ ಕೆಳಗೆ ಪಟ್ಟಿ ಅಂಟಿಸಿ ಪುಟ್ಟಿ ಹಾಕಿ ಮುಚ್ಚಬಹುದಿತ್ತು. ಶೋಕೇಸ್‌ನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಫ್ಲೋಟಿನ ತಳದ ಅಂಚು ಚೂಪು. ಬಿಸಿ ಹಾಳೆ ಅದನ್ನು ಮೊದಲೇ ಸ್ವಲ್ಪ ಮೊಂಡು ಮಾಡಿರುತ್ತದೆ, ಅದನ್ನು ಫೈಲ್ ಹಿಡಿದು ಮತ್ತೆ ಚೂಪು ಮಾಡಿದ್ದೆವು. ಪುಟ್ಟಿ ಹಾಕಿದರೆ ಅದೂ ಹೋಗುತ್ತಿತ್ತು. ಮೇಲಾಗಿ ಇದು ಆ ಉದ್ದನೆಯ ಫ್ಲೋಟ್‌ಗಳಿಂದಲೇ ಗುರುತು ಸಿಗುವ ವಿಮಾನ. ಹಿರಿಯರಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೆ ಹೇಳಿದೆ, ಒಂದು ವಾರ ಕೇಳಿದೆ. "ಹಡಗಿನ ಮೇಲೆ ಅವರು ಎಷ್ಟು ಸಲ ಬಿಚ್ಚಿ ಜೋಡಿಸಿದರೋ, ನೀವೂ ಒಂದು ಸಲ ಬಿಚ್ಚಿ," ಅಂದರು.

ಆಚಾರ್ರು ತೆಗೆಸಿಟ್ಟ ಜೊತೆಗಳು ಡ್ರಾಯರ್‌ನಲ್ಲಿದ್ದವು. ಅವಿಲ್ಲದಿದ್ದರೆ ಮರದಿಂದ ಮತ್ತೆ ಶುರುಮಾಡಬೇಕಿತ್ತು. ಮೊದಲು ಫ್ಲೋಟಿನ ಕಂಬಗಳ ತಂತಿ ಬಿಡಿಸಿದೆವು. ಅದು ಮೋಟಾರ್ ವೈಂಡಿಂಗ್ ಮಾಡುವವರಲ್ಲಿ ಸಿಗುವ ಸಣ್ಣ ತಾಮ್ರದ ತಂತಿ. ಗಾಜಿನ ಮೇಲೆ ಹೊರಳಿಸಿ ನೆಟ್ಟಗೆ ಮಾಡಿದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ದಾರದ ಹಾಗೆ ಸಡಿಲ ಆಗುವುದಿಲ್ಲ. ಹಿತ್ತಾಳೆ ಕಂಬಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು ಎಡ ಫ್ಲೋಟ್ ಬಿಡಿಸಿದೆವು. ಹೊಸ ತೊಟ್ಟಿಗೆ ಈ ಸಲ ಗೆರೆ ಎಳೆದದ್ದು ಆ ಹುಡುಗ, ಉಜ್ಜಿದ್ದು ನಾನು. ಹತ್ತು ಸಲ ಉಜ್ಜಿದ ಮೇಲೆ ಅವನು ಅಳೆದು ಕಾಗದದಲ್ಲಿ ಬರೆಯುತ್ತಿದ್ದ, ಮತ್ತೆ ಹತ್ತು ಸಲ. ಮುಚ್ಚಳ ಅಂಟಿಸುವಾಗ ದ್ರವ ಸಿಮೆಂಟನ್ನು ಕುಂಚದ ತುದಿಯಲ್ಲಷ್ಟೇ ಹಾಕಿದೆವು. ಟೊಳ್ಳಿನೊಳಗೆ ಅದರ ಹಬೆ ಸಿಕ್ಕಿಕೊಂಡರೆ ತೆಳು ಪಕ್ಕಗಳು ಒಂದೆರಡು ವಾರದಲ್ಲಿ ಒಳಕ್ಕೆ ಕುಸಿಯುತ್ತವೆ. ಅದಕ್ಕೆ ಕಂಬ ಕೂರುವ ಕಡೆ ಸೂಜಿಯಷ್ಟು ತೂತು ಬಿಟ್ಟು ಎರಡು ದಿನ ಹಾಗೇ ಇಟ್ಟೆವು.

ಅದಾದ ಮೇಲೆ ನಮ್ಮ ಶೆಡ್‌ನಲ್ಲಿ ಒಂದು ಬದಲಾವಣೆ ಮಾಡಿದೆ. ಜೋಡಿ ತುಂಡುಗಳಿದ್ದರೆ ಎರಡನ್ನೂ ಒಬ್ಬರೇ ಉಜ್ಜುವುದು, ಅಳೆಯುವುದು ಇನ್ನೊಬ್ಬರು. ಅಳತೆಯನ್ನು ಜಾಬ್ ಕಾರ್ಡ್ ಹಿಂದೆ ಬರೆಯಬೇಕು, ನನ್ನ ಕೆಲಸವಾದರೂ ಸರಿ. ರೆಕ್ಕೆ ಕೂರಿಸುವ ಮೊದಲೇ ಫ್ಲೋಟ್ ಸಮೇತ ಗಾಜಿನ ಮೇಲೆ ಒಮ್ಮೆ ನಿಲ್ಲಿಸಿ ನೋಡಬೇಕು. ಇದನ್ನು ಏಳು ವಾರದ ಕೊನೆಗೆ ಮಾಡಿದ್ದೆವು, ಮೂರನೇ ವಾರದಲ್ಲೇ ಮಾಡಬಹುದಿತ್ತು.

ಒಯ್ಯುವ ದಿನ ಹುಡುಗನೇ ಸರ್ಫೇಸ್ ಗೇಜ್ ಇಟ್ಟು ಎರಡೂ ತುದಿ ಅಳೆದ. ನಾನು ಪಕ್ಕದಲ್ಲಿ ನಿಂತಿದ್ದೆ. "ಒಂದೇ ಇದೆ ಸಾರ್," ಅಂದು ಕಾರ್ಡ್‌ನಲ್ಲಿ ಬರೆದು ಸಹಿ ಹಾಕಿದ. ಹಿರಿಯರು ಡಬ್ಬವನ್ನು ಡಿಕ್ಕಿಯಲ್ಲಿಡಲು ಒಪ್ಪಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಅರ್ಧ ಗಂಟೆಯ ಮೇಲೆ ಗೊರಗುಂಟೆಪಾಳ್ಯದ ಸಿಗ್ನಲ್‌ನಿಂದ ಫೋನ್ ಬಂತು. ಹಂಪ್‌ಗಳೆಲ್ಲ ದಾಟಿದವು, ಒಂದು ತಂತಿಯೂ ಸಡಿಲ ಆಗಿಲ್ಲ ಎಂದರು. ಫೋನನ್ನು ಸ್ಪೀಕರ್‌ಗೆ ಹಾಕಿ ಹುಡುಗನ ಕೈಗೆ ಕೊಟ್ಟೆ.