ಐದು ಬಾರಿ ‘ಏಕೆ’ ಎಂದು ಕೇಳಿದರೆ ಸಾಕೇ?

‘ವ್ಯವಸ್ಥೆ ಕುಸಿದಾಗ ಮೂಲ ಕಾರಣ ಹುಡುಕಲು ಯಾವ ವಿಧಾನ ಒಳ್ಳೆಯದು?’ ಸಾಫ್ಟ್‌ವೇರ್ ಕೆಲಸದಲ್ಲಿರುವ ಕಿರಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವಾಗಲೇ ಅವರ ಮನಸ್ಸಿನಲ್ಲಿ ಉತ್ತರವೂ ಇರುತ್ತದೆ: ಟೊಯೋಟಾದಿಂದ ಬಂದ ‘ಐದು ಏಕೆ’, ಅಂದರೆ ಸಿಕ್ಕ ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ’ ಎಂದು ಕೇಳುತ್ತಾ ಹೋಗುವುದು. ಡಿಸ್ಕ್ ತುಂಬಿತು, ಹಳೆಯ ಲಾಗ್ ಅಳಿಸುವ ಕೆಲಸ ನಿಂತಿತ್ತು, ಅದರ ಪಾಸ್‌ವರ್ಡ್ ಅವಧಿ ಮುಗಿದಿತ್ತು. ಹೀಗೆ ಒಂದೇ ಎಳೆಯಲ್ಲಿ ಬಿಚ್ಚಿಕೊಳ್ಳುವ ತೊಂದರೆಗೆ ಅಷ್ಟು ಸಾಕು.

ಎಳೆಗಳು ಹೆಚ್ಚಾದಾಗ ಅದು ಕೈಕೊಡುತ್ತದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಹೊರಟ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲೇ ಚೂರಾಯಿತು. ಏಕೆ? ಎಂಜಿನ್ ನಳಿಕೆಗಳು ವಿಪರೀತ ವಾಲಿದವು. ಏಕೆ? ದಿಕ್ಕು ತಿಳಿಸುವ ಸಾಧನ ಕಳಿಸಿದ ದೋಷ ವರದಿಯನ್ನೇ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದುಕೊಂಡಿತು. ಏಕೆ? 64 ಬಿಟ್‌ಗಳ ಸಂಖ್ಯೆಯೊಂದು 16 ಬಿಟ್‌ಗಳಲ್ಲಿ ಹಿಡಿಸದೆ ಆ ಸಾಧನ ನಿಂತುಹೋಗಿತ್ತು. ಇಲ್ಲಿಗೇ ಬಿಟ್ಟರೆ ಒಂದು ಸಾಲು ಕೋಡ್ ತಿದ್ದಿ ಕೈತೊಳೆದುಕೊಳ್ಳಬಹುದು.

ಅದನ್ನೇ ಫಾಲ್ಟ್ ಟ್ರೀ ಆಗಿ, ಅಂದರೆ ಅನಾಹುತವನ್ನು ಮೇಲಿಟ್ಟು ಕಾರಣಗಳನ್ನು ಕೆಳಗೆ ಕೊಂಬೆಗಳಾಗಿ ಹರಡುವ ಚಿತ್ರವಾಗಿ, ಬರೆದು ನೋಡಿ. ಮೇಲೆ ‘ದಿಕ್ಕಿನ ಮಾಹಿತಿ ಇಲ್ಲ’, ಕೆಳಗೆ ದಿಕ್ಕು ತಿಳಿಸುವ ಎರಡು ಸಾಧನಗಳು (ಒಂದು ಮುಖ್ಯ, ಒಂದು ಮೀಸಲು), ನಡುವೆ ‘ಆಂಡ್’ ಗೇಟ್: ಎರಡೂ ಕೆಟ್ಟರೆ ಮಾತ್ರ ಅನಾಹುತ. ಕಾಗದದ ಮೇಲೆ ಬಲು ಭದ್ರ. ಆದರೆ ಎರಡೂ ಕೊಂಬೆಗಳ ತುದಿಯಲ್ಲಿ ಇರುವುದು ಒಂದೇ ಸಾಫ್ಟ್‌ವೇರ್! ಮೀಸಲು ಸಾಧನವೂ ಅದೇ ಕಾರಣಕ್ಕೆ, 72 ಮಿಲಿಸೆಕೆಂಡುಗಳ ಹಿಂದಿನ ಸುತ್ತಿನಲ್ಲೇ, ಸ್ತಬ್ಧವಾಗಿತ್ತು. ಹಾಗಾಗಿ ಎರಡು ಮೂರು ರಕ್ಷಣೆಗಳು ಒಟ್ಟಿಗೆ ಸೋತ ಕಡೆಯಲ್ಲೆಲ್ಲ ನಾನು ಮೊದಲು ಟ್ರೀ ಬರೆಯುತ್ತೇನೆ.

ವಿಚಿತ್ರವೆಂದರೆ, ಅಲ್ಲಿ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ. ದೋಷ ಕಂಡರೆ ನಿಲ್ಲಬೇಕೆಂದು ಬರೆದಿದ್ದರು, ನಿಂತಿತು. ಹಿಡಿಸದ ಆ ಸಂಖ್ಯೆ ಹುಟ್ಟಿದ ಲೆಕ್ಕಾಚಾರ ಹಿಂದಿನ ರಾಕೆಟ್ ಏರಿಯಾನ್ 4ರಿಂದ ಉಳಿದು ಬಂದದ್ದು. ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಅದರಿಂದ ಉಪಯೋಗವೇ ಇರಲಿಲ್ಲ. ಹೀಗೆ ಹಿಡಿಸದೆ ಹೋಗುವ ಅಪಾಯವಿದ್ದ ಏಳು ಚರಾಂಶಗಳಲ್ಲಿ (ಬದಲಾಗುವ ಸಂಖ್ಯೆಗಳಲ್ಲಿ) ಮೂರಕ್ಕೆ ಕಾವಲು ಹಾಕದೆ ಬಿಟ್ಟದ್ದರ ಹಿಂದೆಯೂ ಕಂಪ್ಯೂಟರಿನ ಹೊರೆ ಶೇ. 80 ಮೀರಬಾರದೆಂಬ ಗುರಿಯಿತ್ತು. ಇಂಥ ಕಡೆ ಎಂಐಟಿಯ ನ್ಯಾನ್ಸಿ ಲೆವೆಸನ್ ರೂಪಿಸಿದ ‘ಕಾಸ್ಟ್’ (CAST) ವಿಧಾನವೇ ಬೇಕು. ಆ ನಿರ್ಧಾರ ಆಗ ಅದನ್ನು ತೆಗೆದುಕೊಂಡವರಿಗೆ ಸರಿ ಎನಿಸಿದ್ದು ಹೇಗೆ, ಅದನ್ನು ಯಾರು ಪ್ರಶ್ನಿಸಬೇಕಿತ್ತು ಎಂದು ಅದು ಕೆದಕುತ್ತದೆ. ಸಮಯ ತಿನ್ನುವ ಕೆಲಸ. ನಡುರಾತ್ರಿಯ ಪ್ರತಿ ಅಲಾರಾಂಗೂ ಬೇಡ.

ಇನ್ನು ಜಪಾನಿನ ಗುಣಮಟ್ಟ ತಜ್ಞ ಇಶಿಕಾವಾ ಅವರ ಮೀನಿನ ಮುಳ್ಳಿನ ಚಿತ್ರ: ಕಾರಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಮುಳ್ಳುಗಳಂತೆ ಬರೆಯುವುದು. ಯಂತ್ರ, ಮನುಷ್ಯ, ಕಚ್ಚಾವಸ್ತು ಎಂಬ ಕವಲುಗಳು ಕಾರ್ಖಾನೆಗೆ ಹೊಂದುತ್ತವೆ. ನಮ್ಮವರು ‘ಕಚ್ಚಾವಸ್ತು’ವಿನ ಜಾಗದಲ್ಲಿ ಏನನ್ನೋ ತುಂಬಿ ಸಭೆ ಮುಗಿಸುವುದನ್ನು ನೋಡಿದ ಮೇಲೆ ನಾನು ಅದರ ಗೊಡವೆಗೆ ಹೋಗಿಲ್ಲ.